ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಬೇಕು? ಡಬ್ಬಿ ಮೇಲಿನ ನಂಬರ್ ಬಿಡಿ, ಸ್ಟಿಕ್ಕರ್ ಓದಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇವೆ, ಗೇಮಿಂಗ್ ಪಿಸಿಗೆ ಯಾವ ಪವರ್ ಸಪ್ಲೈ ಹಾಕ್ಬೇಕು, ಅಂದ್ರೆ ನಾವೆಲ್ಲ ಎಸ್‌ಎಂಪಿಎಸ್ ಅಂತೀವಲ್ಲ ಅದು. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಪುಟ ಪೂರ್ತಿ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಸರ್, ಹೊಸ ಗೇಮಿಂಗ್ ಪಿಸಿ ಅಸೆಂಬಲ್ ಮಾಡ್ತಾ ಇದೀನಿ. ರೈಜನ್ 5 7600, ಆರ್‌ಟಿಎಕ್ಸ್ 5070, 32 ಜಿಬಿ ರ‍್ಯಾಮ್, ಎರಡು ಎಸ್‌ಎಸ್‌ಡಿ. ಒಬ್ಬ ಫ್ರೆಂಡ್ 550 ವ್ಯಾಟ್ ಸಾಕು ಅಂತಾನೆ, ಇನ್ನೊಬ್ಬ 1000 ಇಲ್ದೆ ಮುಟ್ಟಲೇ ಬೇಡ ಅಂತಾನೆ, ಆನ್‌ಲೈನ್ ಕ್ಯಾಲ್ಕುಲೇಟರ್‌ಗಳು ಒಂದೊಂದೂ ಒಂದೊಂದು ಹೇಳ್ತವೆ. ಯಾರನ್ನ ನಂಬಲಿ?

ಉತ್ತರ: ಒಳ್ಳೆ ಕ್ವಾಲಿಟಿದು 650 ವ್ಯಾಟ್ ಸಾಕು, ಮುಂದೆ ಇನ್ನೂ ದೊಡ್ಡ ಕಾರ್ಡ್ ಹಾಕೋ ಆಸೆ ಇದ್ರೆ 750 ತಗೊಳಿ. 1000 ನಿಮಗೆ ಬೇಡ. ಈ ನಂಬರ್ ಹೇಗೆ ಬಂತು ಅನ್ನೋದನ್ನೂ ಹೇಳ್ತೀನಿ, ಒಂದ್ಸಲ ಲೆಕ್ಕ ಕೈಗೆ ಹತ್ತಿದ್ರೆ ಯಾವ ಕ್ಯಾಲ್ಕುಲೇಟರೂ ಬೇಕಾಗಲ್ಲ.

ಗೇಮಿಂಗ್ ಪಿಸಿಲಿ ಜಾಸ್ತಿ ಪವರ್ ಎಳೆಯೋವು ಎರಡೇ, ಗ್ರಾಫಿಕ್ಸ್ ಕಾರ್ಡು ಮತ್ತೆ ಪ್ರೊಸೆಸರ್ರು. ಆರ್‌ಟಿಎಕ್ಸ್ 5070 ಕಾರ್ಡ್‌ಗೆ ಎನ್ವಿಡಿಯಾ ಹೇಳಿರೋದು 250 ವ್ಯಾಟ್. ರೈಜನ್ 5 7600 ಬಗ್ಗೆ ಎಲ್ಲ ಕಡೆ 65 ವ್ಯಾಟ್ ಅಂತ ಬರೆದಿರತ್ತೆ, ಲೆಕ್ಕಕ್ಕೆ ಅದನ್ನ ಹಿಡೀಬೇಡಿ, ಅದು ಟಿಡಿಪಿ, ಕೂಲರ್ ಆರಿಸೋಕೆ ಅನುಕೂಲ ಆಗ್ಲಿ ಅಂತ ಕೊಟ್ಟಿರೋ ನಂಬರ್ರು, ಮದರ್‌ಬೋರ್ಡ್‌ನ ಪ್ರೊಸೆಸರ್ ಸಾಕೆಟ್ ಮೂಲಕ ನಿಜವಾಗಿ ಹೋಗಬಹುದಾದ ಪವರ್ ಮಿತಿ 88 ವ್ಯಾಟ್. ಇಂಟೆಲ್‌ನ ದೊಡ್ಡ ಚಿಪ್‌ಗಳಲ್ಲಿ ಈ ಅಂತರ ಇನ್ನೂ ಜಾಸ್ತಿ, ಕೋರ್ ಐ9 14900ಕೆ ಪ್ರೊಸೆಸರ್‌ದು ಬೇಸ್ ಪವರ್ 125 ವ್ಯಾಟ್, ಟರ್ಬೋಗೆ ಹೋದ್ರೆ 253. ಮದರ್‌ಬೋರ್ಡು, ರ‍್ಯಾಮು, ಎಸ್‌ಎಸ್‌ಡಿ, ಫ್ಯಾನ್‌ಗಳು, ಯುಎಸ್‌ಬಿಗೆ ಸಿಕ್ಕಿಸಿರೋ ಸಾಮಾನು ಎಲ್ಲ ಸೇರಿ ಒಂದು 60 ವ್ಯಾಟ್ ಇಟ್ಕೊಳಿ. 250, 88, 60 ಕೂಡಿದ್ರೆ 398. ಅದೂ ಕಾರ್ಡು ಪ್ರೊಸೆಸರ್ರು ಎರಡೂ ಒಟ್ಟಿಗೆ ಪೂರ್ತಿ ದುಡಿದ್ರೆ, ಗೇಮ್ ಆಡೋವಾಗ ಪ್ರೊಸೆಸರ್ ಸಾಮಾನ್ಯವಾಗಿ ಅಷ್ಟು ಮೇಲೆ ಹೋಗಲ್ಲ.

ಹಾಗಾದ್ರೆ 450 ಸಾಕಲ್ವಾ ಅಂತ ಕೇಳ್ತೀರ. ಇಲ್ಲೇ ಒಂದು ವಿಷಯ ತಿಳ್ಕೋಬೇಕು. ಕಾರ್ಡ್‌ದು 250 ಅನ್ನೋದು ಸರಾಸರಿ, ಈಗಿನ ಕಾರ್ಡ್‌ಗಳು ಒಂದೊಂದು ಫ್ರೇಮ್ ಶುರುವಾದಾಗ ಕಣ್ಣು ಮಿಟುಕಿಸೋಕಿಂತ ಎಷ್ಟೋ ಕಮ್ಮಿ ಟೈಮಲ್ಲಿ ಆ ಸರಾಸರಿನ ದಾಟಿ ಸಿಕ್ಕಾಪಟ್ಟೆ ಮೇಲಕ್ಕೆ ಹಾರಿ ವಾಪಸ್ ಬರ್ತವೆ. ಇದಕ್ಕೆ ಟ್ರಾನ್ಸಿಯೆಂಟ್ ಸ್ಪೈಕ್ ಅಂತಾರೆ. ಸಾಫ್ಟ್‌ವೇರ್‌ಲಿ ನೋಡಿದ್ರೆ ಇದು ಕಾಣೋದೇ ಇಲ್ಲ, ಆದ್ರೆ ಎಸ್‌ಎಂಪಿಎಸ್ ಒಳಗಿರೋ ಪ್ರೊಟೆಕ್ಷನ್ ಸರ್ಕ್ಯೂಟ್‌ಗೆ ಕಾಣತ್ತೆ, ಅದು ಏನೋ ಶಾರ್ಟ್ ಆಯ್ತು ಅಂದ್ಕೊಂಡು ಪಿಸಿನೇ ಆಫ್ ಮಾಡ್ಬಿಡತ್ತೆ. ಆರ್‌ಟಿಎಕ್ಸ್ 3080, 3090 ಬಂದಾಗ ಎಷ್ಟೋ ಜನ ಲೆಕ್ಕದ ಪ್ರಕಾರ ಸಾಕಾಗೋ ಎಸ್‌ಎಂಪಿಎಸ್ ಇದ್ರೂ ಪಿಸಿ ದಿಢೀರಂತ ಆಫ್ ಆಗತ್ತೆ ಅಂತ ಒದ್ದಾಡಿದ್ದು ಇದಕ್ಕೇ. ಆಮೇಲೆ 2022ರಲ್ಲಿ ಇಂಟೆಲ್ ಎಟಿಎಕ್ಸ್ 3.0 ಅನ್ನೋ ಹೊಸ ಸ್ಟ್ಯಾಂಡರ್ಡ್ ತಂತು, ಅದರ ಪ್ರಕಾರ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ರೇಟಿಂಗ್‌ನ ಎರಡರಷ್ಟು ಲೋಡನ್ನ 100 ಮೈಕ್ರೋಸೆಕೆಂಡ್ ತನಕ ಆಫ್ ಆಗ್ದೆ ತಡ್ಕೋಬೇಕು. ಹೊಸದಾಗಿ ತಗೊಳ್ಳೋರು ಎಟಿಎಕ್ಸ್ 3.0 ಇಲ್ಲಾ 3.1 ಅಂತ ಬರೆದಿರೋದನ್ನೇ ಹುಡುಕಿ, ಹಳೇ ಡಿಸೈನ್‌ಗೆ ಕೈ ಹಾಕೋ ಅವಶ್ಯಕತೆ ಈಗಿಲ್ಲ.

ಹಾಗಾಗಿ ನಾನು ಹೇಳೋದು, ಪೂರ್ತಿ ಲೋಡ್ ಲೆಕ್ಕ ಹಾಕಿ, ಅದರ ಮೇಲೆ ಅರ್ಧದಷ್ಟು ಇಲ್ಲಾ ಸ್ವಲ್ಪ ಜಾಸ್ತಿ ಸೇರಿಸಿ. 400ಕ್ಕೆ 200 ಸೇರಿದ್ರೆ 600, ಮಾರ್ಕೆಟ್‌ಲಿ ಸಿಗೋ ಮುಂದಿನ ಸೈಜು 650, ಎನ್ವಿಡಿಯಾ ಕೂಡ 5070ಗೆ 650 ಅಂತಾನೇ ಹೇಳಿದೆ. ಹೀಗೆ ಮಾಡಿದ್ರೆ ಇನ್ನೊಂದು ಲಾಭ, ಎಸ್‌ಎಂಪಿಎಸ್ ಗೇಮ್ ಆಡೋವಾಗ ಅರ್ಧ, ಮುಕ್ಕಾಲು ಲೋಡ್ ಮಧ್ಯದಲ್ಲೇ ಓಡ್ತಿರತ್ತೆ, ಬಿಸಿ ಕಮ್ಮಿ, ಫ್ಯಾನ್ ಸೌಂಡೂ ಕಮ್ಮಿ.

1000 ವ್ಯಾಟ್‌ದು ಹಾಕಿದ್ರೆ ಕರೆಂಟ್ ಬಿಲ್ ಜಾಸ್ತಿ ಬರತ್ತಾ ಅಂತನೂ ತುಂಬಾ ಜನ ಕೇಳಿದೀರ. ಇಲ್ಲ. ಟ್ಯಾಂಕ್ ದೊಡ್ಡದಿದೆ ಅಂತ ನಲ್ಲಿಲಿ ನೀರು ತಾನಾಗೇ ಜಾಸ್ತಿ ಹರಿಯಲ್ವಲ್ಲ, ಹಂಗೆ, ಪಿಸಿ ಎಷ್ಟು ಕೇಳತ್ತೋ ಅಷ್ಟೇ ಎಸ್‌ಎಂಪಿಎಸ್ ಕೊಡೋದು. ನಿಮ್ಮ ದುಡ್ಡು ಅಲ್ಲಿ ಸುಮ್ನೆ ಕೂತಿರತ್ತೆ ಅನ್ನೋದಕ್ಕೇ ನಾನು ಬೇಡ ಅಂದಿದ್ದು, ಆ ದುಡ್ಡನ್ನ ಅದೇ 650, 750ರಲ್ಲಿ ಇನ್ನೂ ಒಳ್ಳೆ ಮಾಡೆಲ್‌ಗೆ ಹಾಕಿ.

ಪ್ರಶ್ನೆ: ನನ್ನ ಹತ್ರ 600 ವ್ಯಾಟ್ ಎಸ್‌ಎಂಪಿಎಸ್ ಇದೆ, ಕ್ಯಾಬಿನೆಟ್ ಜೊತೆಗೇ ಬಂದಿದ್ದು. ಮೊನ್ನೆ ಆರ್‌ಟಿಎಕ್ಸ್ 3060 ಹಾಕಿದೆ, ಅದು 170 ವ್ಯಾಟ್ ಅಷ್ಟೇ. ಆದ್ರೂ ಗೇಮ್ ಶುರು ಮಾಡಿ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪಾಗಿ ಪಿಸಿ ರೀಸ್ಟಾರ್ಟ್ ಆಗತ್ತೆ. ರಿಪೇರಿಯವರು ವಿಂಡೋಸ್ ಹೊಸದಾಗಿ ಹಾಕ್ಬೇಕು ಅಂದ್ರು, ಹಾಕಿಸಿದೆ, ಏನೂ ಬದಲಾಗ್ಲಿಲ್ಲ.

ಉತ್ತರ: ಎಸ್‌ಎಂಪಿಎಸ್ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಇರತ್ತೆ, ಕ್ಯಾಬಿನೆಟ್ ಬಾಗಿಲು ತೆಗೆದು ಟಾರ್ಚ್ ಹಿಡ್ಕೊಂಡು ಅದನ್ನ ಓದಿ. ಅದರಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಅಂತ ಕಾಲಂಗಳು, ಒಂದೊಂದರ ಕೆಳಗೂ ಎಷ್ಟು ಆಂಪಿಯರ್ ಅಂತ ಇರತ್ತೆ. ನಿಮಗೆ ಬೇಕಾಗಿರೋದು 12 ವೋಲ್ಟ್ ಕಾಲಂ ಮಾತ್ರ. ಅಲ್ಲಿರೋ ಆಂಪಿಯರನ್ನ 12ರಿಂದ ಗುಣಿಸಿ. ಒಳ್ಳೆ 650 ವ್ಯಾಟ್‌ದ್ರಲ್ಲಿ 54 ಆಂಪಿಯರ್ ಇರತ್ತೆ, ಗುಣಿಸಿದ್ರೆ 648, ಅಂದ್ರೆ ಹೇಳಿದ್ದು ಪೂರ್ತಿ 12 ವೋಲ್ಟ್‌ನಲ್ಲೇ ಸಿಗತ್ತೆ. ನಿಮ್ಮದ್ರಲ್ಲಿ 25, 28 ಆಂಪಿಯರ್ ಏನಾದ್ರೂ ಇದ್ರೆ ಅದು 300, 336 ವ್ಯಾಟ್ ಅಷ್ಟೇ, ಮಿಕ್ಕಿದ್ದನ್ನ 3.3 ಮತ್ತೆ 5 ವೋಲ್ಟ್ ಲೈನ್‌ಗಳಿಂದ ಕೂಡಿ 600 ಮಾಡಿರ್ತಾರೆ. ಎರಡು ಮೂರು 12 ವೋಲ್ಟ್ ಕಾಲಂ ಇದ್ರೆ ಆಂಪಿಯರ್‌ಗಳನ್ನ ನೀವೇ ಕೂಡಿಸ್ಬೇಡಿ, ಎಲ್ಲ ಸೇರಿ ಗರಿಷ್ಠ ಇಷ್ಟು ವ್ಯಾಟ್ ಅಂತ ಕೆಳಗೆ ಬರೆದಿರತ್ತೆ, ಅದನ್ನ ತಗೊಳಿ.

ಇದು ಯಾಕೆ ಮುಖ್ಯ ಅಂದ್ರೆ ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್ರು, ಫ್ಯಾನು ಎಲ್ಲ ಓಡೋದು 12 ವೋಲ್ಟ್ ಲೈನ್ ಮೇಲೆ. ತುಂಬಾ ಹಿಂದೆ ಪ್ರೊಸೆಸರ್‌ಗೆ 5 ವೋಲ್ಟ್ ಲೈನಿಂದಾನೇ ಪವರ್ ಹೋಗ್ತಿತ್ತು, 2000ನೇ ಇಸವಿಲಿ ಪೆಂಟಿಯಂ 4 ಬಂದಾಗ ಅದಕ್ಕೋಸ್ಕರ 12 ವೋಲ್ಟ್‌ದು ಬೇರೆ 4 ಪಿನ್ ಕನೆಕ್ಟರ್ ತಂದ್ರು, ಅಲ್ಲಿಂದ ಭಾರ ಎಲ್ಲ 12ರ ಕಡೆಗೇ ಬಂತು. ಇಷ್ಟು ವರ್ಷ ಆದ್ಮೇಲೂ ಹಳೇ ಡಿಸೈನ್‌ಗೇ ಹೊಸ ಸ್ಟಿಕ್ಕರ್ ಅಂಟಿಸಿ ಮಾರೋರು ಇದಾರೆ, ಗೊತ್ತಿಲ್ದೆ ತಗೊಂಡೋರು ಕಷ್ಟಪಟ್ಟು ಕೂಡಿಟ್ಟ ದುಡ್ಡಲ್ಲಿ ತಂದ ಕಾರ್ಡನ್ನ ಅದಕ್ಕೆ ಸಿಕ್ಕಿಸ್ತಾರೆ, ಇದು ನೋಡಿದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ.

ನಿಮ್ಮ ಕೇಸಲ್ಲಿ ಎಸ್‌ಎಂಪಿಎಸ್‌ದೇ ತಪ್ಪು ಅಂತ ಖಚಿತ ಮಾಡ್ಕೊಳ್ಳೋಕೆ ಹೀಗೆ ಮಾಡಿ. ಮೊದಲು ಕಾರ್ಡ್ ಮತ್ತೆ ಪ್ರೊಸೆಸರ್ ಟೆಂಪರೇಚರ್ ನೋಡಿ, ಅದು ಸರಿ ಇದ್ರೆ ಕಾರ್ಡ್‌ನ ಪವರ್ ಲಿಮಿಟನ್ನ ಸಾಫ್ಟ್‌ವೇರ್‌ಲಿ 70 ಪರ್ಸೆಂಟ್‌ಗೆ ಇಳಿಸಿ, ಗೇಮ್‌ಲಿ ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ ಬರೋ ಫ್ರೇಮ್‌ಗಳನ್ನ, 60ಕ್ಕೆ ಕಟ್ಟಿಹಾಕಿ. ಹಾಗೆ ಮಾಡಿದ್ಮೇಲೆ ಗಂಟೆಗಟ್ಲೆ ಆಡಿದ್ರೂ ರೀಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಅನುಮಾನ ಎಸ್‌ಎಂಪಿಎಸ್ ಮೇಲೇನೇ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅಂತ ಎಂಟ್ರಿ ಕಂಡ್ರೆ ಅದರಿಂದ ಏನೂ ತೀರ್ಮಾನ ಮಾಡ್ಬೇಡಿ, ಸರಿಯಾಗಿ ಶಟ್‌ಡೌನ್ ಆಗ್ದೆ ಪಿಸಿ ನಿಂತೋಯ್ತು ಅಂತ ಮಾತ್ರ ಅದು ಹೇಳೋದು, ಕಾರಣ ಹೇಳಲ್ಲ. ಮಲ್ಟಿಮೀಟರ್ ಇದ್ದು ಅದನ್ನ ಹಿಡಿಯೋದು ಗೊತ್ತಿದ್ರೆ ಗೇಮ್ ಓಡ್ತಿರೋವಾಗ 12 ವೋಲ್ಟ್ ಲೈನ್ ನೋಡಿ, ಎಟಿಎಕ್ಸ್ 3.0ಗಿಂತ ಮುಂಚಿನ ಸ್ಟ್ಯಾಂಡರ್ಡ್ ಪ್ರಕಾರ 5 ಪರ್ಸೆಂಟ್ ಮಾತ್ರ ಹೆಚ್ಚು ಕಮ್ಮಿ ಆಗಬಹುದು, 11.4ಕ್ಕಿಂತ ಕೆಳಗೆ ಬಿದ್ರೆ ಅವತ್ತೇ ಬದಲಾಯಿಸಿ. ಮೀಟರ್‌ಲಿ ವೋಲ್ಟೇಜ್ ಸರಿ ಕಂಡ್ರೆ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ಅರ್ಥ ಅಲ್ಲ, ಮೈಕ್ರೋಸೆಕೆಂಡ್‌ಲಿ ಆಗೋ ಏರುಪೇರು ಮೀಟರ್‌ಗೆ ಸಿಗಲ್ಲ. ಕೊನೆಗೆ ನಂಬೋಕೆ ಆಗೋ ಟೆಸ್ಟ್ ಅಂದ್ರೆ ಚೆನ್ನಾಗಿದೆ ಅಂತ ಗೊತ್ತಿರೋ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡೋದು.

ಪ್ರಶ್ನೆ: ಬ್ರಾಂಜ್ ತಗೊಳ್ಳೋದಾ ಗೋಲ್ಡ್ ತಗೊಳ್ಳೋದಾ? ಗೋಲ್ಡ್ ಅಂದ್ರೆ ಸೇಫ್ ಅಲ್ವಾ?

ಉತ್ತರ: ಬ್ರಾಂಜ್, ಗೋಲ್ಡ್ ಅನ್ನೋವು 80 ಪ್ಲಸ್ ಅನ್ನೋ ಗುರುತಿನ ದರ್ಜೆಗಳು, ಅದು ಸೇಫ್ಟಿಗೆ ಕೊಡೋದಲ್ಲ. 2004ರಲ್ಲಿ ಶುರುವಾದ ಈ ಸರ್ಟಿಫಿಕೇಟ್ ಮುಖ್ಯವಾಗಿ ಅಳೆಯೋದು, ಗೋಡೆಯಿಂದ ಎಳ್ಕೊಂಡ ಕರೆಂಟಲ್ಲಿ ಎಷ್ಟು ಪಾಲು ಪಿಸಿಗೆ ಸೇರತ್ತೆ, ಎಷ್ಟು ಬಿಸಿಯಾಗಿ ಹೋಗತ್ತೆ ಅನ್ನೋದನ್ನ. ಅರ್ಧ ಲೋಡಲ್ಲಿ ಬ್ರಾಂಜ್ 85 ಪರ್ಸೆಂಟ್, ಗೋಲ್ಡ್ 90, ಪ್ಲಾಟಿನಂ 92, ಟೈಟಾನಿಯಂ 94, ಇವು 115 ವೋಲ್ಟ್ ಟೆಸ್ಟ್‌ನ ಲೆಕ್ಕ. ಪಿಸಿ 400 ವ್ಯಾಟ್ ಕೇಳಿದ್ರೆ 85 ಪರ್ಸೆಂಟ್‌ದು ಗೋಡೆಯಿಂದ ಸುಮಾರು 470 ಎಳೆಯತ್ತೆ, 90ರದ್ದು 444. ವ್ಯತ್ಯಾಸ 26 ವ್ಯಾಟ್, ಅದೂ ಗೇಮ್ ಆಡೋ ಹೊತ್ತಲ್ಲಿ ಮಾತ್ರ. ಬಿಲ್ ಉಳಿತಾಯಕ್ಕೇ ಅಂತ ಗೋಲ್ಡ್‌ಗೆ ಹೋಗೋದಾದ್ರೆ ದಿನಕ್ಕೆ ಎಷ್ಟು ಗಂಟೆ ಆಡ್ತೀರ ಅಂತ ಲೆಕ್ಕ ಹಾಕ್ಕೊಂಡು ಹೋಗಿ.

ಇನ್ನೊಂದು, ಆ ಟೆಸ್ಟ್ ಮಾಡೋದು 23 ಡಿಗ್ರಿಲಿ. ಗ್ರಾಫಿಕ್ಸ್ ಕಾರ್ಡ್ ಬಿಸಿ ಉಗುಳ್ತಿರೋ ಕ್ಯಾಬಿನೆಟ್ ಒಳಗೆ ಎಸ್‌ಎಂಪಿಎಸ್‌ಗೆ 40 ಡಿಗ್ರಿ ಗಾಳಿ ಸಿಕ್ಕಿದ್ರೂ ಆಶ್ಚರ್ಯ ಇಲ್ಲ. ಅದಕ್ಕೇ ಸ್ಪೆಕ್ ಶೀಟ್‌ನಲ್ಲಿ ಪೂರ್ತಿ ವ್ಯಾಟನ್ನ ಎಷ್ಟು ಡಿಗ್ರಿ ತನಕ ಕೊಡತ್ತೆ ಅಂತ ನೋಡಿ, 50 ಡಿಗ್ರಿ ಅಂತ ಇರೋದು 40ಕ್ಕಿಂತ ಒಳ್ಳೇದು. ಕೆಪಾಸಿಟರ್‌ಗಳು 105 ಡಿಗ್ರಿ ರೇಟಿಂಗ್‌ನವಾ ಅಂತ ನೋಡಿ, ಬಿಸಿ 10 ಡಿಗ್ರಿ ಕಮ್ಮಿ ಆದ್ರೆ ಕೆಪಾಸಿಟರ್ ಆಯಸ್ಸು ಹೆಚ್ಚು ಕಮ್ಮಿ ಎರಡರಷ್ಟಾಗತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರು ಹಿಡಿಯೋ ಲೆಕ್ಕ. ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್, ಓವರ್ ಕರೆಂಟ್, ಶಾರ್ಟ್ ಸರ್ಕ್ಯೂಟ್, ಓವರ್ ಟೆಂಪರೇಚರ್, ಈ ಪ್ರೊಟೆಕ್ಷನ್‌ಗಳೆಲ್ಲ ಇದಾವಾ ಅಂತ ನೋಡಿ, ಕಮ್ಮಿ ಬೆಲೆದ್ರಲ್ಲಿ ಟೆಂಪರೇಚರ್‌ದೇ ಬಿಟ್ಟಿರ್ತಾರೆ. ವಾರಂಟಿ ಎಷ್ಟು ವರ್ಷ ಅನ್ನೋದು ನನ್ನ ಪ್ರಕಾರ ಬಣ್ಣದ ಗುರುತಿಗಿಂತ ದೊಡ್ಡ ಸುಳಿವು, 7 ವರ್ಷ, 10 ವರ್ಷ ಕೊಡೋ ಕಂಪನಿ ತನ್ನ ಸಾಮಾನಿನ ಮೇಲೆ ನಂಬಿಕೆ ಇಟ್ಟೇ ಕೊಡೋದು. ಆ ಮಾಡೆಲನ್ನ ಯಾರಾದ್ರೂ ಬಿಚ್ಚಿ, ಲೋಡ್ ಟೆಸ್ಟರ್ ಮೇಲೆ ಹಾಕಿ ರಿಪಲ್, ಅಂದ್ರೆ ವೋಲ್ಟೇಜಲ್ಲಿ ಉಳಿಯೋ ಸಣ್ಣ ಏರಿಳಿತ, ಅಳೆದು ಬರೆದಿರೋ ರಿವ್ಯೂ ಸಿಕ್ಕಿದ್ರೆ ಅದಂತೂ ಚಿನ್ನ, 12 ವೋಲ್ಟ್ ಲೈನ್‌ನಲ್ಲಿ ರಿಪಲ್‌ಗೆ ಇರೋ ಮಿತಿ 120 ಮಿಲಿವೋಲ್ಟ್, ಒಳ್ಳೇವು ಅದರ ಅರ್ಧಕ್ಕಿಂತ ಕೆಳಗೇ ಇರ್ತವೆ.

ಪ್ರಶ್ನೆ: ಹೊಸ ಮಾಡ್ಯುಲರ್ ಎಸ್‌ಎಂಪಿಎಸ್, ಅಂದ್ರೆ ಕೇಬಲ್‌ಗಳನ್ನ ಬಿಚ್ಚಿ ಸಿಕ್ಕಿಸೋ ಥರದ್ದು, ತಂದಿದೀನಿ, ಹಳೇದೂ ಅದೇ ಬ್ರ್ಯಾಂಡು. ಹಳೇ ಕೇಬಲ್‌ಗಳು ಕ್ಯಾಬಿನೆಟ್ ಒಳಗೆ ನೀಟಾಗಿ ಕಟ್ಟಿವೆ, ಬಾಕ್ಸ್ ಮಾತ್ರ ಬದಲಾಯಿಸಿ ಅವನ್ನೇ ಸಿಕ್ಕಿಸ್ಲಾ?

ಉತ್ತರ: ದಯವಿಟ್ಟು ಬೇಡ. ಮದರ್‌ಬೋರ್ಡ್ ಕಡೆ, ಡ್ರೈವ್ ಕಡೆ ಕನೆಕ್ಟರ್‌ಗೆ ಸ್ಟ್ಯಾಂಡರ್ಡ್ ಇದೆ, ಎಸ್‌ಎಂಪಿಎಸ್ ಕಡೆ ತುದಿಗೆ ಯಾವ ಸ್ಟ್ಯಾಂಡರ್ಡೂ ಇಲ್ಲ. ಒಂದೇ ಬ್ರ್ಯಾಂಡಲ್ಲೇ ಎರಡು ಮಾಡೆಲ್‌ಗೆ ಪಿನ್ ಜೋಡಣೆ ಬೇರೆ ಇರಬಹುದು, ಕನೆಕ್ಟರ್ ಸಲೀಸಾಗಿ ಕೂರತ್ತೆ, ಆನ್ ಮಾಡಿದ ತಕ್ಷಣ 5 ವೋಲ್ಟ್ ಹೋಗ್ಬೇಕಾದ ಜಾಗಕ್ಕೆ 12 ಹೋಗಿ ಹಾರ್ಡ್‌ಡಿಸ್ಕ್ ಸುಟ್ಟೋಗತ್ತೆ, ಅದರಲ್ಲಿರೋ ಫೋಟೋ ಫೈಲು ಎಲ್ಲ ಜೊತೆಗೇ. ಕಂಪನಿಯೇ ಇವೆರಡೂ ಮಾಡೆಲ್‌ಗೆ ಒಂದೇ ಕೇಬಲ್ ಆಗತ್ತೆ ಅಂತ ಪಟ್ಟಿ ಕೊಟ್ಟಿದ್ರೆ ಮಾತ್ರ ಹಾಕಿ. ಬೇರೆಯವರ ಎಸ್‌ಎಂಪಿಎಸ್ ತಂದು ಟೆಸ್ಟ್ ಮಾಡೋವಾಗ್ಲೂ ಅದರ ಕೇಬಲ್‌ಗಳ ಜೊತೆಗೇ ತನ್ನಿ.

ಇದೇ ಸಾಲಿಗೆ ಸೇರೋ ಇನ್ನೊಂದು: ಪ್ರೊಸೆಸರ್‌ದು 4 ಮತ್ತೆ 4 ಆಗಿ ಬಿಡಿಸಿರೋ 8 ಪಿನ್ನು, ಗ್ರಾಫಿಕ್ಸ್ ಕಾರ್ಡ್‌ದು 6 ಮತ್ತೆ 2 ಆಗಿ ಬಿಡಿಸಿರೋ 8 ಪಿನ್ನು, ನೋಡೋಕೆ ಅಣ್ಣ ತಮ್ಮ ಇದ್ದಂಗೆ ಕಂಡ್ರೂ ಪ್ಲಸ್ಸು ಗ್ರೌಂಡು ಉಲ್ಟಾ. ಸಲೀಸಾಗಿ ಕೂರ್ತಿಲ್ಲ ಅಂದ್ರೆ ಒತ್ತಬೇಡಿ.

ಪ್ರಶ್ನೆ: ಮಗಳು ಆರ್‌ಟಿಎಕ್ಸ್ 5080 ಬೇಕು ಅಂತಿದಾಳೆ. ಕಾರ್ಡ್‌ಗೆ ಪವರ್ ಕೊಡೋ ಆ 16 ಪಿನ್ ಕನೆಕ್ಟರ್ ಕರಗಿ ಹೋಗಿರೋ ಫೋಟೋಗಳನ್ನ ನೋಡಿ ಹೆದರಿಕೆ ಆಗಿದೆ. ಬೆಂಕಿ ಗಿಂಕಿ ಹತ್ಕೊಳ್ಳಲ್ವಾ?

ಉತ್ತರ: ನಿಮ್ಮ ಹೆದರಿಕೆಗೆ ಕಾರಣ ಇದೆ. 2022ರ ಕೊನೇಲಿ ಆರ್‌ಟಿಎಕ್ಸ್ 4090 ಬಂದಾಗ ಕೆಲವರ ಕನೆಕ್ಟರ್ ಕರಗಿದ್ದು ನಿಜ, ಕನೆಕ್ಟರ್ ಪೂರ್ತಿ ಒಳಗೆ ಕೂರ್ದೆ ಇದ್ದಿದ್ದು ದೊಡ್ಡ ಕಾರಣ ಅಂತ ಎನ್ವಿಡಿಯಾ ಹೇಳ್ತು. ಆದ್ರೆ ಬಳಸೋರ ಮೇಲೆ ಮಾತ್ರ ತಪ್ಪು ಹೊರಿಸೋದು ನನಗೆ ಒಪ್ಪಿಗೆ ಇಲ್ಲ, ಆ ಡಿಸೈನ್‌ನಲ್ಲೇ ಸೇಫ್ಟಿಗೆ ಅಂತ ಬಿಡೋ ಅಂತರ ಕಮ್ಮಿ ಇಟ್ಟಿದಾರೆ. ಹಳೇ 8 ಪಿನ್ ಕನೆಕ್ಟರ್‌ಲಿ 150 ವ್ಯಾಟ್ ಮೂರು ಪಿನ್‌ಗೆ ಹಂಚ್ಕೊಂಡು ಪಿನ್‌ಗೆ 4 ಆಂಪಿಯರ್ ಚಿಲ್ಲರೆ ಹೋಗತ್ತೆ, ಹೊಸದ್ರಲ್ಲಿ ಆರ್‌ಟಿಎಕ್ಸ್ 5090ಯ 575 ವ್ಯಾಟ್ ಆರು ಪಿನ್‌ಗೆ ಹಂಚಿದ್ರೆ ಪಿನ್‌ಗೆ ಹತ್ತಿರ ಹತ್ತಿರ 8 ಆಂಪಿಯರ್, ಅದೂ ಚಿಕ್ಕ ಪಿನ್‌ಗಳಲ್ಲಿ. ಒಂದೆರಡು ಪಿನ್ ಸರಿಯಾಗಿ ತಾಗದೆ ಇದ್ರೆ ಅದರ ಪಾಲೂ ಮಿಕ್ಕವುಗಳ ಮೇಲೆ ಬೀಳತ್ತೆ.

ನಿಮ್ಮ ಮಗಳು ಕೇಳ್ತಿರೋ 5080 ಕಾರ್ಡ್‌ದು 360 ವ್ಯಾಟ್, ಅಂದ್ರೆ ಪಿನ್‌ಗೆ 5 ಆಂಪಿಯರ್, ಸಾಕಷ್ಟು ಅಂತರ ಇದೆ. ಈಗಿನ ಕಾರ್ಡ್‌ಗಳಲ್ಲಿ ಬರೋ 12ವಿ 2x6 ಅನ್ನೋ ಸುಧಾರಿಸಿದ 16 ಪಿನ್ ಸಾಕೆಟ್‌ಲಿ ಸೆನ್ಸ್ ಪಿನ್‌ಗಳನ್ನ, ಅಂದ್ರೆ ಎಷ್ಟು ಪವರ್ ಎಳೀಬಹುದು ಅಂತ ಕಾರ್ಡ್‌ಗೆ ತಿಳಿಸೋ ಸಣ್ಣ ಪಿನ್‌ಗಳನ್ನ, ಗಿಡ್ಡ ಮಾಡಿದಾರೆ, ಕನೆಕ್ಟರ್ ಪೂರ್ತಿ ಒಳಗೆ ಹೋಗದೆ ಇದ್ರೆ ಅವು ತಾಗಲ್ಲ, ಕಾರ್ಡ್ ಪೂರ್ತಿ ಪವರ್ ಎಳೆಯಲ್ಲ. ಈ ಕಾರ್ಡ್‌ಗೆ 850 ವ್ಯಾಟ್‌ದು, 16 ಪಿನ್ ಕೇಬಲ್ ಅದರ ಜೊತೆಗೇ ಬರೋ ಎಟಿಎಕ್ಸ್ 3.1 ಎಸ್‌ಎಂಪಿಎಸ್ ಕೊಡಿಸಿ. ಸಿಕ್ಕಿಸೋವಾಗ ಕಾರ್ಡು ಮತ್ತೆ ಕನೆಕ್ಟರ್ ಮಧ್ಯ ಒಂಚೂರೂ ಸಂದಿ ಕಾಣಬಾರದು, ಕನೆಕ್ಟರ್‌ನಿಂದ ಮೂರು ನಾಲ್ಕು ಸೆಂಟಿಮೀಟರ್ ತನಕ ಕೇಬಲ್ ನೇರ ಬರಲಿ, ಕ್ಯಾಬಿನೆಟ್ ಬಾಗಿಲು ಅದನ್ನ ಒತ್ತಿ ಮಡಚೋ ಹಾಗಿದ್ರೆ ಅಗಲದ ಕ್ಯಾಬಿನೆಟ್ಟೇ ತಗೊಳಿ. ಕಾರ್ಡ್ ಜೊತೆ ಬರೋ ಅಡಾಪ್ಟರ್ ಬಳಸೋದಾದ್ರೆ ಅದರ ಒಂದೊಂದು 8 ಪಿನ್‌ಗೂ ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಕೇಬಲ್ ಎಳೀರಿ, ಒಂದೇ ಕೇಬಲ್‌ನ ಎರಡು ತುದಿ ಸಿಕ್ಕಿಸ್ಬೇಡಿ. ಪದೇ ಪದೇ ತೆಗೆದು ಹಾಕಿ ನೋಡೋದೂ ಬೇಡ, ಆ ಕನೆಕ್ಟರ್ ಅಷ್ಟು ಸಲಕ್ಕೆ ಮಾಡಿದ್ದಲ್ಲ.

ಪ್ರಶ್ನೆ: ಪಿಸಿ ಆನ್ ಇರೋವಾಗ ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನತ್ತೆ. ಎಸ್‌ಎಂಪಿಎಸ್ ಹೋಗಿದೆಯಾ?

ಉತ್ತರ: ಬಹುಶಃ ಎಸ್‌ಎಂಪಿಎಸ್ ಚೆನ್ನಾಗೇ ಇದೆ, ಹೋಗಿರೋದು ಅರ್ಥಿಂಗ್. ಎಸ್‌ಎಂಪಿಎಸ್ ಒಳಗೆ ಎಲೆಕ್ಟ್ರಿಕಲ್ ಗದ್ದಲ ತಡೆಯೋಕೆ ಫೇಸಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೊಂದು ಸಣ್ಣ ಕೆಪಾಸಿಟರ್ ಇರತ್ತೆ. ಅರ್ಥ್ ಸರಿ ಇದ್ರೆ ಆ ಚೂರು ಕರೆಂಟ್ ನೆಲಕ್ಕೆ ಹೋಗತ್ತೆ, ಇಲ್ದೆ ಇದ್ರೆ ಕ್ಯಾಬಿನೆಟ್ ಮೇಲೆ ಲೈನ್ ವೋಲ್ಟೇಜ್‌ನ ಅರ್ಧ ಬಂದು ಕೂರತ್ತೆ, 230 ವೋಲ್ಟ್ ಲೈನ್ ಆದ್ರೆ 115ರ ಆಸುಪಾಸು. ಕರೆಂಟ್ ತುಂಬಾ ಕಮ್ಮಿ ಇರೋದ್ರಿಂದ ಬರೀ ಜುಮ್ ಅನ್ನತ್ತೆ, ಆದ್ರೆ ಮುಂದೆ ಒಳಗೆ ನಿಜವಾಗ್ಲೂ ಏನಾದ್ರೂ ಶಾರ್ಟ್ ಆದ್ರೆ ಕಾಪಾಡೋಕೆ ಅರ್ಥ್ ಇರಲ್ಲ, ಅದಕ್ಕೇ ಇದನ್ನ ಪರವಾಗಿಲ್ಲ ಅಂತ ಬಿಡ್ಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಮತ್ತೆ ಎಕ್ಸ್‌ಟೆನ್ಷನ್ ಬಾಕ್ಸ್ ಎರಡೂ ಟೆಸ್ಟ್ ಮಾಡಿಸಿ. ಮೂರು ಪಿನ್ ಪ್ಲಗ್‌ನ ಎರಡು ಪಿನ್ ಮಾಡೋ ಕನ್ವರ್ಟರ್ ಹಾಕಿದ್ರೆ ಇವತ್ತೇ ತೆಗೀರಿ.

ಪ್ರಶ್ನೆ: 600 ವಿಎ ಯುಪಿಎಸ್ ಇದೆ. ಆಫೀಸ್ ಕೆಲಸ ಮಾಡೋವಾಗ ಕರೆಂಟ್ ಹೋದ್ರೆ ಪಿಸಿ ಉಳಿಯತ್ತೆ, ಗೇಮ್ ಆಡೋವಾಗ ಹೋದ್ರೆ ಯುಪಿಎಸ್ಸೇ ಕೂಗ್ಕೊಂಡು ಆಫ್ ಆಗತ್ತೆ.

ಉತ್ತರ: ವಿಎ ಬೇರೆ, ವ್ಯಾಟ್ ಬೇರೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಆಸುಪಾಸು ಕೊಡತ್ತೆ. ಗೇಮ್ ಆಡೋವಾಗ ಪಿಸಿ ಗೋಡೆಯಿಂದ 400 ಎಳೀತಿದ್ರೆ, ಮಾನಿಟರ್‌ದು ಇನ್ನೊಂದು 40 ಸೇರಿದ್ರೆ ಅದು ಹೊರೋದೇ ಇಲ್ಲ. ಹಿಂದೆ ಬರೆದಿರೋ ವ್ಯಾಟ್ ನೋಡಿ, ನಿಮ್ಮ ಪೂರ್ತಿ ಲೋಡಿಗಿಂತ ಕಾಲು ಭಾಗ ಜಾಸ್ತಿ ಇರೋದು ತಗೊಳಿ. ಆದ್ರೆ ಪ್ಯೂರ್ ಸೈನ್ ವೇವ್‌ದೇ, ಅಂದ್ರೆ ಗೋಡೆಯಿಂದ ಬರೋ ಕರೆಂಟ್ ಥರಾನೇ ನುಣುಪಾದ ಅಲೆ ಕೊಡೋದೇ ತಗೊಳಿ, ಈಗಿನ ಎಸ್‌ಎಂಪಿಎಸ್‌ಗಳಲ್ಲಿರೋ ಆ್ಯಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನ ಹದವಾಗಿ ಎಳೆಯೋ) ಸರ್ಕ್ಯೂಟ್‌ಗೆ ಕಮ್ಮಿ ಬೆಲೆ ಯುಪಿಎಸ್‌ಗಳ ಮೆಟ್ಟಿಲು ಮೆಟ್ಟಿಲಾಗಿರೋ ವೇವ್ ಕೆಲವು ಸಲ ಒಗ್ಗಲ್ಲ.

ಪ್ರಶ್ನೆ: ಒಬ್ಬರು ಪೂರ್ತಿ ಹಳೇ ಪಿಸಿ ಮಾರ್ತಿದಾರೆ, ಎಸ್‌ಎಂಪಿಎಸ್ ಎಂಟು ವರ್ಷದ್ದು. ಬಿಚ್ಚಿ ಕ್ಲೀನ್ ಮಾಡಿ ಇಟ್ಕೋಬಹುದಾ?

ಉತ್ತರ: ಮಿಕ್ಕಿದ್ದು ಟೆಸ್ಟ್ ಮಾಡಿ ಇಟ್ಕೊಳಿ, ಎಸ್‌ಎಂಪಿಎಸ್ ಮಾತ್ರ ಹೊಸದು ಹಾಕಿ, ವಾರಂಟಿ ಇನ್ನೂ ಬಾಕಿ ಇದ್ದು ಅದು ನಿಮ್ಮ ಹೆಸರಿಗೂ ನಡೆಯತ್ತೆ ಅಂದ್ರೆ ಬೇರೆ ಮಾತು. ಎಂಟು ವರ್ಷದಲ್ಲಿ ಕೆಪಾಸಿಟರ್‌ಗಳು ಎಷ್ಟು ಒಣಗಿವೆ ಅಂತ ಹೊರಗಿಂದ ಗೊತ್ತಾಗಲ್ಲ. ಹಸಿರು ತಂತಿಗೂ ಕಪ್ಪು ತಂತಿಗೂ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿಸಿ ತೋರಿಸಿದ್ರೆ ನಂಬ್ಬೇಡಿ, ಆನ್ ಆಗತ್ತೆ ಅಂತ ಮಾತ್ರ ಅದರಿಂದ ಗೊತ್ತಾಗೋದು, ಲೋಡ್ ತಡೆಯತ್ತಾ ಅಂತ ಅಲ್ಲ.

ಬಿಚ್ಚೋದಂತೂ ಬೇಡವೇ ಬೇಡ. ಒಳಗಿರೋ ದೊಡ್ಡ ಕೆಪಾಸಿಟರ್‌ಲಿ 400 ವೋಲ್ಟ್ ಹತ್ತಿರ ಇರತ್ತೆ, ಪ್ಲಗ್ ಕಿತ್ತಿಟ್ಟ ಮೇಲೂ ಅದು ಉಳ್ಕೊಂಡಿರಬಹುದು, ಜೀವಕ್ಕೇ ಅಪಾಯ. ಧೂಳು ತೆಗೀಬೇಕು ಅಂದ್ರೆ ಪ್ಲಗ್ ಕಿತ್ತು, ಫ್ಯಾನ್ ತಿರುಗದ ಹಾಗೆ ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿಲಿ ತಡೆದು, ಹೊರಗಿಂದಾನೇ ಗಾಳಿ ಊದಿ. ಫ್ಯಾನ್ ಕರಕರ ಅಂತಿದೆ ಅಂತ ಅದೊಂದನ್ನೇ ಬದಲಾಯಿಸೋಕೂ ಹೋಗ್ಬೇಡಿ, ವಾರಂಟಿ ಇದ್ರೆ ಕಳಿಸಿ, ಇಲ್ಲಾಂದ್ರೆ ಹೊಸದು ತಗೊಳಿ.